ಎರಡನೆಯ ಈಡು

ನಾನೊಂದು ಕೋವಿ. ಆದರೆ ನೀವು ನೋಡಿರುವ ಕೋವಿಗಳ ಹಾಗಲ್ಲ. ನನ್ನನ್ನು ಕಂಡವರು ಮೊದಲು ನಗುತ್ತಾರೆ, ಆಮೇಲೆ ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡುತ್ತಾರೆ. ನನಗೆ ಎರಡು ನಳಿಗೆ, ಅಕ್ಕಪಕ್ಕದಲ್ಲಲ್ಲ, ಒಂದರ ಕೆಳಗೊಂದು. ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಟೋಪಿಯಂಥ ಕೇಪಿನ ಮೇಲೆ ಬಡಿಯುವ ಕುದುರೆ ಮಾತ್ರ ಒಂದೇ. ಮೇಲಿನ ನಳಿಗೆ ಹೊಡೆದಾದ ಮೇಲೆ ಒಂದು ಕೊಂಡಿ ಒತ್ತಿ ತಿರುಗಿಸಿದರೆ ಕೆಳಗಿನದು ಮೇಲಕ್ಕೆ ಬಂದು ಕುದುರೆಯ ಮುಂದೆ ನಿಲ್ಲುತ್ತದೆ. ಕೊಡಗಿನಲ್ಲಿ ಕೋವಿಗೇನೂ ಬರವಿಲ್ಲ, ಆದರೆ ನನ್ನಂಥ ಇನ್ನೊಂದನ್ನು ನಾನು ಇದುವರೆಗೆ ಕಂಡಿಲ್ಲ.

ನನ್ನನ್ನು ಮಾಡಿದವನು ವಿರಾಜಪೇಟೆಯ ಕಡೆಯ ಚಾತು ಎಂಬ ಕಮ್ಮಾರ. ಯಾವನೋ ಬಿಳಿ ದೊರೆಯ ಕೋವಿ ರಿಪೇರಿಗೆಂದು ಒಮ್ಮೆ ಅವನ ಕುಲುಮೆಗೆ ಬಂದಿತ್ತಂತೆ. ಅದನ್ನು ಎರಡು ದಿನ ಇಟ್ಟುಕೊಂಡು ಹಿಂದಿರುಗಿಸಿದ. ಆರು ತಿಂಗಳಾದ ಮೇಲೆ, ನೆನಪಿನಿಂದಲೇ ನನ್ನನ್ನು ಮಾಡಲು ಕೂತ. ಎತ್ತಿನ ಗಾಡಿಯ ಚಕ್ರದ ಪಟ್ಟಿಯನ್ನು ಕಾಯಿಸಿ, ಕಂಬಿಗೆ ಸುತ್ತಿ, ಬಡಿದು ಬಡಿದು ಬೆಸೆದ. ಹಾಗಾಗಿ ನನ್ನ ಮೈಮೇಲೆ ಇವತ್ತಿಗೂ ಹಾವು ಸುತ್ತಿದಂತೆ ಗೆರೆಗಳಿವೆ. ದೊರೆಯ ಕೋವಿಯಷ್ಟು ನಯ ನನಗಿಲ್ಲ. ತಿರುಗುವಾಗ ಕಿರ್ರೆನ್ನುತ್ತೇನೆ.

ಮೊದಲು ನನ್ನನ್ನು ಕೊಂಡವನು ಉತ್ತಯ್ಯ ಎಂಬ ಬೇಟೆಯ ಹುಚ್ಚಿನ ಮನುಷ್ಯ. ಹಂದಿಯ ಮುಂದೆ ನಿಂತು ಒಂದು ಈಡು ತಪ್ಪಿದರೆ, ಇನ್ನೊಂದು ತುಂಬುವಷ್ಟು ಹೊತ್ತು ಹಂದಿ ಕಾಯುವುದಿಲ್ಲವಲ್ಲ. ಅದಕ್ಕೆ ನಾನು ಅವನಿಗೆ ಬೇಕಾಗಿದ್ದೆ. ಈಡು ಎಂದರೆ ಒಂದು ಸಲ ತುಂಬಿ ಹೊಡೆಯುವ ಹೊಡೆತ. ಮೊದಲು ಮದ್ದು, ಅದರ ಮೇಲೆ ತೆಂಗಿನ ನಾರಿನ ಉಂಡೆ, ಗಜ ಎಂಬ ಕಬ್ಬಿಣದ ಕೋಲಿನಿಂದ ಅದನ್ನು ಒತ್ತಿ, ಆಮೇಲೆ ಚರೆಯ ಸಣ್ಣ ಕಾಳುಗಳೋ ಒಂಟಿ ಗುಂಡೋ. ಉತ್ತಯ್ಯನಿರುವಷ್ಟು ಕಾಲ ನನಗೂ ಮರ್ಯಾದೆಯಿತ್ತು. ಆಮೇಲೆ ಮನೆಮನೆಗೂ ತೋಟೆಯ ಕೋವಿಗಳು ಬಂದವು. ನಡುವೆ ಮಡಚಿ, ಮದ್ದುಗುಂಡು ಮೊದಲೇ ತುಂಬಿದ ತೋಟೆ ಇಟ್ಟು ಮುಚ್ಚಿದರೆ ಮುಗಿಯಿತು. ನಾನು ಅಟ್ಟ ಸೇರಿದೆ. ಅಲ್ಲಿಂದ ಉತ್ತಯ್ಯನ ಮೊಮ್ಮಗ ನನ್ನನ್ನು ಕೆಳಗಿಳಿಸಿ ಹಿತ್ತಿಲ ಬಾಗಿಲಿಗೆ ಅಗುಳಿ ಮಾಡಿದ. ಇಪ್ಪತ್ತು ವರ್ಷ ಬಾಗಿಲು ಕಾದೆ. ಬೆಕ್ಕುಗಳು ನನ್ನ ಮೇಲೆ ಬೆನ್ನು ಉಜ್ಜಿದವು.

ಅಲ್ಲಿಂದ ನನ್ನನ್ನು ಬಿಡಿಸಿದವರು ಮೇದಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಯಾರಿಗೂ ಬೇಡವಾದ, ಎಲ್ಲೂ ಕಾಣಸಿಗದ ಕೋವಿಗಳನ್ನು ಹುಡುಕಿ ತರುವುದು ಅವರ ಹುಚ್ಚು. ಉತ್ತಯ್ಯನ ಮನೆಗೆ ಮದುವೆ ಊಟಕ್ಕೆ ಬಂದಿದ್ದ ಮೇಷ್ಟ್ರು ಕೈ ತೊಳೆಯಲು ಹಿತ್ತಿಲಿಗೆ ಹೋಗಿ, ನನ್ನನ್ನು ಕಂಡು, ಒದ್ದೆ ಕೈಯಲ್ಲೇ ನಿಂತುಬಿಟ್ಟರು. ಮರುದಿನ ಪೇಟೆಯಿಂದ ಹೊಸ ಕಬ್ಬಿಣದ ಅಗುಳಿ ತಂದು, ತಾವೇ ಸ್ಕ್ರೂ ಹಾಕಿ ಕೂರಿಸಿ, ಕಾಗದಪತ್ರ ಬರೆಸಿಕೊಂಡು ನನ್ನನ್ನು ಒಯ್ದರು.

ಅವರ ಮನೆಯ ನಡುಕೋಣೆಯ ಗೋಡೆ ತುಂಬ ನನ್ನಂಥವರೇ. ಊರುಗೋಲಿನ ವೇಷದ ಕೋವಿ, ಬಾಯಿ ಗಂಟೆಯಂತೆ ಅಗಲವಾದ ಕೋವಿ, ಎಡಗಣ್ಣಿನಿಂದ ಗುರಿ ಹಿಡಿಯುವವನಿಗೆಂದು ಹಿಡಿ ಬಾಗಿಸಿದ ಕೋವಿ. ಮೇಷ್ಟ್ರ ಹೆಂಡತಿ ಚೋಂದಮ್ಮ ನನ್ನನ್ನು ನೋಡಿ, "ಇದೂ ಒಂದು ಬಂತಾ? ಗೋಡೆ ಬೀಳುತ್ತೆ ನೋಡಿ ಒಂದಿನ" ಎಂದಳು. ಮೇಷ್ಟ್ರು ಕೊಂಡಿ ಒತ್ತಿ ನನ್ನನ್ನು ತಿರುಗಿಸಿ ತೋರಿಸಿದರು. ಅವಳು ಜೋರಾಗಿ ನಕ್ಕಳು.

"ಅಯ್ಯೋ, ಕಾವಲಿ ಮೇಲೆ ರೊಟ್ಟಿ ಮಗುಚಿದ ಹಾಗೇ ಉಂಟಲ್ಲ!"

ಅಂದಿನಿಂದ ನಾನು ರೊಟ್ಟಿ ಕೋವಿ.

ಗೋಡೆಗೆ ಹಾಕಿ ಮೆರೆಸುವುದಷ್ಟೇ ಮೇಷ್ಟ್ರಿಗೆ ಸಾಲದು. ವರ್ಷಕ್ಕೊಮ್ಮೆ ಪ್ರತಿಯೊಂದು ಕೋವಿಯೂ ಬಾಯಿ ಬಿಡಬೇಕು ಎನ್ನುವುದು ಅವರ ನೇಮ. ಕೈಲ್ ಮುಹೂರ್ತದ ಹಬ್ಬದಲ್ಲಿ ನಮ್ಮನ್ನೆಲ್ಲ ದೀಪದ ಮುಂದೆ ಸಾಲಾಗಿ ಇಟ್ಟು, ತೋಕ್ ಪೂ ಎಂಬ ಕೋವಿ ಹೂವು ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮೈದಾನಕ್ಕೆ ಒಯ್ಯುತ್ತಿದ್ದರು. ಅಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ನನ್ನನ್ನು ತುಂಬುವುದು ಒಬ್ಬರ ಕೆಲಸವಾಗಿರಲಿಲ್ಲ. ಮದ್ದಿನ ಕೊಂಬು ಯಾವಾಗಲೂ ಚೋಂದಮ್ಮನ ಕೈಯಲ್ಲಿ. ಅವಳು ಅಳತೆಯ ಚಿಪ್ಪಿನಲ್ಲಿ ಮದ್ದು ಅಳೆದು ಸುರಿದು, "ಹ್ಞೂಂ" ಎನ್ನುವಳು. ಮೇಷ್ಟ್ರು ನಾರು ತುರುಕಿ ಗಜ ಹಾಕುವರು. ಅವಳು ಸುರಿಯುವುದು, ಇವರು ಜಡಿಯುವುದು. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಕೊನೆಕೊನೆಗೆ ಇಬ್ಬರೂ ನನ್ನ ಕಡೆ ನೋಡುತ್ತಲೇ ಇರಲಿಲ್ಲ, ಯಾರದೋ ಮದುವೆಯ ಸುದ್ದಿ ಆಡುತ್ತ ತುಂಬಿಬಿಡುತ್ತಿದ್ದರು.

ಅವರಿಗೆ ಮಕ್ಕಳಾಗಲಿಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ನಮ್ಮ ಕಡೆ ಕೋವಿಯ ಸದ್ದಿಗೂ ಒಂದು ಭಾಷೆಯುಂಟು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು ಹೊಡೆಯುತ್ತಾರೆ. ಯಾರಾದರೂ ಸತ್ತರೆ ಒಂದರ ಬೆನ್ನಿಗೇ ಇನ್ನೊಂದು, ಎರಡು. ಗದ್ದೆಯಾಚೆ ಇರುವವರು ಕಿವಿಗೊಟ್ಟು ಎಣಿಸಿ, ನಗುತ್ತ ಬರಬೇಕೋ ಅಳುತ್ತ ಬರಬೇಕೋ ತಿಳಿದುಕೊಳ್ಳುತ್ತಾರೆ. ಮೇಷ್ಟ್ರ ಅಂಗಳದಲ್ಲಿ ಆ ಒಂದು ಈಡು ಎಂದೂ ಬಿದ್ದಿರಲಿಲ್ಲ.

ಚೋಂದಮ್ಮ ಹೋದದ್ದು ಚುನಾವಣೆಯ ವರ್ಷ. ಬೆಳಿಗ್ಗೆ ಒಲೆಯ ಮುಂದೆ ಕೂತವಳು ಹಾಗೇ ಗೋಡೆಗೆ ಒರಗಿದಳು. ಅಷ್ಟೇ. ಚುನಾವಣೆ ಬಂತೆಂದು ಊರಿನ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂತಿದ್ದವು. ಗೋಡೆಯ ಮೇಲಿನ ಉಳಿದವನ್ನೂ ಒಯ್ದ ಪೊಲೀಸರು, ಇದು ಬರೀ ತಿರುಗುವ ಆಟಿಕೆ ಎಂದು ನಕ್ಕು ನನ್ನೊಬ್ಬನನ್ನು ಬಿಟ್ಟಿದ್ದರು. ಹಾಗಾಗಿ ಅವಳ ಸಾವಿನ ಈಡು ಹೊಡೆಯಲು ಇಡೀ ಊರಿನಲ್ಲಿದ್ದವನು ನಾನೊಬ್ಬನೇ. ಎರಡು ನಳಿಗೆಯವನು, ಎರಡು ಈಡಿಗೆ ಹೇಳಿ ಮಾಡಿಸಿದವನು.

ಮೇಷ್ಟ್ರು ನನ್ನನ್ನು ಅಂಗಳಕ್ಕೆ ತಂದರು. ಅವರ ತಮ್ಮನ ಮಗಳು ದೇಚಮ್ಮ, "ನಾನು ತುಂಬಲಾ ಬಲ್ಯಪ್ಪ?" ಎಂದಳು. ದೊಡ್ಡಪ್ಪನನ್ನು ಅವರಲ್ಲಿ ಹಾಗೆ ಕರೆಯುತ್ತಾರೆ. "ಬೇಡ, ಅವಳದ್ದು ನಾನೇ ಹೊಡೀಬೇಕು" ಎಂದರು.

ಮೇಲಿನ ನಳಿಗೆಗೆ ಕೊಂಬಿನಿಂದ ಮದ್ದು ಸುರಿದರು. ಅರ್ಧ ನೆಲಕ್ಕೆ ಬಿತ್ತು, ಮತ್ತೆ ಸುರಿದರು. ನಾರು ಹಾಕಿ ಜಡಿದರು. ನನ್ನನ್ನು ತಿರುಗಿಸಿದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಹೆಂಗಸು ಬಂದು ಕೇಳಿದಳು.

"ಯಾವ ಸೀರೆ ಉಡಿಸೋದು ಮೇಷ್ಟ್ರೇ?"

"ಕೆಂಪು... ಅಲ್ಲ, ಅವಳಿಗೆ ಹಸಿರಂದ್ರೆ ಇಷ್ಟ. ಕಪಾಟಿನ ಕೆಳಗಿನ ಖಾನೇಲಿ ಉಂಟು."

ಹಾಗೆಂದು ನನ್ನ ಕಡೆ ತಿರುಗಿದರು. ಕಣ್ಣು ನನ್ನ ಮೇಲಿರಲಿಲ್ಲ. ಕೈ ತಾನಾಗಿ ನಾರಿನ ಉಂಡೆಗೆ ಹೋಯಿತು. ಮೂವತ್ತೊಂದು ವರ್ಷ ಆ ಕೈ ನಳಿಗೆಯ ಹತ್ತಿರ ಬರುವ ಹೊತ್ತಿಗೆ ಮದ್ದು ಬಿದ್ದಿರುತ್ತಿತ್ತು. ಆವತ್ತೂ ಬಿದ್ದಿದೆ ಎಂದೇ ಆ ಕೈಗೆ ಅನಿಸಿರಬೇಕು. ನಾರು ತುರುಕಿದರು, ಗಜ ಹಾಕಿ ಜಡಿದರು. ನನ್ನ ಕೆಳನಳಿಗೆಯಲ್ಲಿ ಒಂದು ಚಿಟಿಕೆ ಮದ್ದಿರಲಿಲ್ಲ. ನಾನು ಕೂಗಿಕೊಳ್ಳಬೇಕೆಂದರೂ ನನಗೆ ಬಾಯಿ ಬರುವುದು ಮದ್ದು ಬಿದ್ದರೆ ಮಾತ್ರ.

ಮತ್ತೆ ತಿರುಗಿಸಿ ಮೊದಲನೆಯದು ಹೊಡೆದರು. ಸದ್ದು ಗದ್ದೆ ದಾಟಿ ಎದುರಿನ ಗುಡ್ಡಕ್ಕೆ ಬಡಿದು ಬಂತು. ತಿರುಗಿಸಿ ಎರಡನೆಯದಕ್ಕೆ ಎಳೆದರು. ಟಿಕ್ ಎಂದಿತು ಕೇಪು. ಇನ್ನೊಂದು ಕೇಪು ಹಾಕಿದರು. ಟಿಕ್. ಮತ್ತೊಂದು. ಅಂಗಳದಲ್ಲಿದ್ದವರೆಲ್ಲ ನೆಲ ನೋಡಿದರು. "ಮದ್ದು ಶೀತ ಹಿಡಿದಿದೆ" ಎಂದರು ಯಾರೋ. ಮೇಷ್ಟ್ರು ಖಾಲಿಯಾದ ಮೇಲಿನ ನಳಿಗೆಯನ್ನೇ ಮತ್ತೆ ತುಂಬಲು ಹೋದರು. ಕೊಂಬು ಕೈಯಿಂದ ಜಾರಿ ಮದ್ದೆಲ್ಲ ಅಂಗಳದ ಪಾಲಾಯಿತು. ಅವರ ಒಕ್ಕದ, ಅಂದರೆ ಮನೆತನದ, ಹಿರಿಯ ಮಾಚಯ್ಯ ಬಂದು ಕೈ ಹಿಡಿದರು.

"ಬಿಡು ಮೇದಪ್ಪ. ಜೊತೆಗೇ ಬಿದ್ರೆ ತಾನೇ ಎರಡು? ಈಗ ಹೊತ್ತಾಯ್ತು."

ಅಷ್ಟರಲ್ಲಿ ಗದ್ದೆಯ ಬದುವಿನ ಮೇಲೆ ಆಚೆಮನೆಯ ನೀಲವ್ವ ಬರುವುದು ಕಾಣಿಸಿತು. ಎಂಬತ್ತು ದಾಟಿದ ಮುದುಕಿ, ಸೆರಗಿನಲ್ಲಿ ಏನೋ ಕಟ್ಟಿಕೊಂಡು ಸರಸರ ಬರುತ್ತಿದ್ದಳು. ಮೇಷ್ಟ್ರ ಪಕ್ಕದ ಮನೆಯ ಸೊಸೆಗೆ ದಿನ ತುಂಬಿತ್ತು, ಆ ಮನೆಗೂ ಈಗ ಕೋವಿಯೆಂದರೆ ನಾನೊಬ್ಬನೇ. ಒಂದೇ ಈಡು ಕೇಳಿದ ಅವಳಿಗೆ ಬೇರೇನು ತೋಚೀತು? ಅಂಗಳಕ್ಕೆ ಕಾಲಿಡುವ ಮೊದಲೇ, ಬಾಯಿ ತುಂಬ ನಗುತ್ತ ಕೂಗಿದಳು.

"ಗಂಡೇನಪ್ಪಾ? ಗಂಡಾ? ಚೋಂದಮ್ಮಾ, ಬೆಲ್ಲ ತಂದಿದ್ದೀನಿ, ಬಾಯಿ ತೆಗಿ!"

ಮೇಷ್ಟ್ರು ನನ್ನನ್ನು ತಬ್ಬಿಕೊಂಡು ಜಗಲಿಯ ಮೇಲೆ ಕೂತರು. ಆ ಮನೆಯ ಅಂಗಳದಲ್ಲಿ ಹುಟ್ಟಿನ ಈಡು ಬಿದ್ದದ್ದು ಆವತ್ತೇ.

ಆಮೇಲಿನ ನಾಲ್ಕು ವರ್ಷ ನನಗೆ ನರಕ. ನನ್ನ ಕೆಳನಳಿಗೆಯಲ್ಲಿ ಚೋಂದಮ್ಮನ ಎರಡನೆಯ ಈಡು ಉಳಿದುಕೊಂಡಿದೆ ಎಂದು ಮೇಷ್ಟ್ರು ನಂಬಿದರು. ಯಾರಿಗೂ ಮುಟ್ಟಲು ಬಿಡಲಿಲ್ಲ. "ಅದು ಅವಳದ್ದು, ಹಾಗೇ ಇರ್ಲಿ" ಎನ್ನುವರು. ಸಂಜೆ ಹೊತ್ತು ಎದುರಿಗೆ ಕುರ್ಚಿ ಹಾಕಿಕೊಂಡು ನನ್ನ ಜೊತೆ ಮಾತಾಡುವರು. ಪೇಟೆಯಲ್ಲಿ ಯಾರು ಸಿಕ್ಕಿದ್ದರು, ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲ. ಕೆಳನಳಿಗೆಯ ಮೇಲೆ ಅಂಗೈ ಇಟ್ಟು, "ಎರಡು ಬಿದ್ದಿಲ್ಲವಲ್ಲ, ನೀನು ಪೂರ್ತಿ ಹೋಗಿಲ್ಲ ಬಿಡು" ಎನ್ನುವರು. ಒಳಗಿದ್ದದ್ದು ಬರೀ ನಾರು. ಎಷ್ಟು ಸಲ ನನಗೆ ತುಕ್ಕು ಹಿಡಿದು ಉದುರಿಹೋಗಬಾರದೇ ಎನ್ನಿಸಿತು.

ನಾಲ್ಕನೆಯ ವರ್ಷದ ಹಬ್ಬಕ್ಕೆ ಕೋವಿಗಳನ್ನು ಒರೆಸಲು ದೇಚಮ್ಮ ಬಂದಳು. ಒಳ್ಳೆಯ ಗುರಿಗಾರ್ತಿ, ಕೋವಿಯ ಗುಣ ಬಲ್ಲವಳು. ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಬಲ್ಯಪ್ಪ, ಒಳಗೆ ಮದ್ದು ಕೂತ್ರೆ ಕಬ್ಬಿಣ ತಿನ್ನುತ್ತೆ. ಇದು ಹಾಳಾಗುತ್ತೆ. ಇಲ್ಲಾಂದ್ರೆ ಯಾರದ್ದೋ ಕೈಯಲ್ಲಿ ಹಾರುತ್ತೆ. ತೆಗೆದುಬಿಡುವ."

ಮೇಷ್ಟ್ರು ನನ್ನನ್ನು ಅವಳ ಕೈಯಿಂದ ಈಸಿಕೊಂಡು ಕೆಳನಳಿಗೆಯನ್ನು ಸವರಿದರು. ಕಡೆಗೆ, "ಯಾರದ್ದೋ ಕೈ ಹೋಗೋದು ಬೇಡ. ನಾನೇ ತೆಗೀತೇನೆ" ಎಂದು ಗಜ ಕೈಗೆತ್ತಿಕೊಂಡರು.

ಬಲ್ಲವರು ಮೊದಲು ಗಜ ಇಳಿಬಿಟ್ಟು ಅಳೆಯುತ್ತಾರೆ. ಈಡು ತುಂಬಿದ್ದರೆ ಗಜದ ತುದಿ ನಳಿಗೆಯ ಬಾಯಿಂದ ನಾಲ್ಕು ಬೆರಳು ಹೊರಗೆ ನಿಲ್ಲುತ್ತದೆ. ಗಜ ನನ್ನೊಳಗೆ ಇಳಿಯಿತು. ಮೇಷ್ಟ್ರು ನಾಲ್ಕು ಬೆರಳು ಇಟ್ಟು ನೋಡಿದರು. ಒಂದು ಬೆರಳಿನಷ್ಟೂ ಸರಿಯಾಗಿ ಇರಲಿಲ್ಲ. ಎತ್ತಿ ಮತ್ತೆ ಬಿಟ್ಟರು. ಟಣ್ ಎನ್ನಬೇಕಾದಷ್ಟು ಆಳಕ್ಕೆ ಹೋಗಿ ಮೆತ್ತಗೆ ನಿಂತಿತು. ತುದಿಗೆ ತಿರುಪು ಸಿಕ್ಕಿಸಿ ಎಳೆದರು. ನಾರಿನ ಉಂಡೆ ಹೊರಬಂತು. ಬಿಳಿ ಬಟ್ಟೆಯ ಮೇಲೆ ನನ್ನನ್ನು ಬೋರಲು ಹಾಕಿ ತಟ್ಟಿದರು. ಏನೂ ಬೀಳಲಿಲ್ಲ.

"ಶೀತ ಹಿಡಿದದ್ದಲ್ಲ ದೇಚೂ" ಎಂದರು ಮೇಷ್ಟ್ರು. ದನಿ ಬಹಳ ಸಣ್ಣಗಿತ್ತು. "ನಾನು ಹಾಕೇ ಇರಲಿಲ್ಲ. ಮದ್ದು ಹಾಕೋದು ಅವಳ ಕೆಲಸ ಆಗಿತ್ತು. ಅವಳು ಹಾಕಿದ್ದಾಳೆ ಅಂತ ನಾನು..."

ಮಗುವಿನ ಹಾಗೆ ಬಾಯಿ ತೆರೆದು ಅತ್ತರು. ಸಾವಿನ ದಿನವೂ ಹಾಗೆ ಅತ್ತಿರಲಿಲ್ಲ. ದೇಚಮ್ಮ ಅವರ ಬೆನ್ನು ಸವರುತ್ತ, "ಈಗಲೇ ತುಂಬಿ ಹೊಡೆದುಬಿಡುವ ಬಲ್ಯಪ್ಪ, ನಾನು ಮದ್ದು ಹಾಕ್ತೇನೆ" ಎಂದಳು.

"ಈಗ ಒಂದು ಹೊಡೆದ್ರೆ ಊರಿನವರು ಬೆಲ್ಲ ಹಿಡ್ಕೊಂಡು ಬರ್ತಾರೆ. ಎರಡು ಹೊಡೆದ್ರೆ ಇವತ್ತು ಯಾರು ಸತ್ತದ್ದು ಅಂತ ಓಡಿ ಬರ್ತಾರೆ. ಅವಳಿಗೆ ಹೊಡೆಯೋ ದಿನ ಹೋಗೇ ಹೋಯ್ತು ಮಗಳೇ." ಕಣ್ಣು ಒರೆಸಿಕೊಂಡು ಅವಳ ಕೈ ಹಿಡಿದರು. "ನನಗೊಂದು ಮಾತು ಕೊಡು. ನಾನು ಹೋದಾಗ ನನಗೂ ಒಂದೇ ಹೊಡಿ. ಇದರಲ್ಲೇ. ಅವಳಿಗೆಷ್ಟೋ ನನಗೂ ಅಷ್ಟೇ."

ದೇಚಮ್ಮ ಮಾತು ಕೊಟ್ಟಳು.

ಆ ಹಬ್ಬಕ್ಕೆ ಮೇಷ್ಟ್ರು ಮೈದಾನಕ್ಕೆ ಹೋಗಲಿಲ್ಲ. ಮುಂದಿನ ವರ್ಷಕ್ಕೆ ಒಂದೊಂದೇ ಕೋವಿಯನ್ನು ಕೇಳಿದವರಿಗೆ ಕೊಟ್ಟುಬಿಟ್ಟರು. ಗೋಡೆಯ ಮೇಲೆ ಮೊಳೆಗಳು ಉಳಿದವು, ನಾನು ಉಳಿದೆ. ನನ್ನ ಎದುರು ಕುರ್ಚಿ ಹಾಕಿ ಕೂರುವುದನ್ನೂ ಬಿಟ್ಟರು. ಮಾತಾಡಲು ನನ್ನೊಳಗೆ ಯಾರೂ ಇಲ್ಲವೆಂದು ಅವರಿಗೆ ಈಗ ಗೊತ್ತಿತ್ತು.

ಎರಡು ವರ್ಷಕ್ಕೆ, ಒಂದು ಬೆಳಿಗ್ಗೆ ಕಾಫಿ ಕುಡಿದ ಲೋಟ ಕೆಳಗಿಟ್ಟು, ಮೇಷ್ಟ್ರೂ ಹೋದರು. ದೇಚಮ್ಮ ನನ್ನನ್ನು ಅಂಗಳಕ್ಕೆ ತಂದಳು. ಮೇಲಿನ ನಳಿಗೆಗೆ ಮದ್ದು ಅಳೆದು ಸುರಿದಳು. ನಾರು ಜಡಿದಳು. ಗಜ ಇಳಿಬಿಟ್ಟು ನಾಲ್ಕು ಬೆರಳು ಇಟ್ಟು ನೋಡಿದಳು. ಕೆಳನಳಿಗೆಯನ್ನು ಮುಟ್ಟಲಿಲ್ಲ. ಆಕಾಶಕ್ಕೆ ಹಿಡಿದು ಹೊಡೆದಳು. ನನ್ನ ಜೀವಮಾನದಲ್ಲಿ ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ.

"ತಿರುಗಿಸು ಮಗಳೇ, ಇನ್ನೊಂದು" ಎಂದರು ಮಾಚಯ್ಯ.

"ಇಲ್ಲ ಅಜ್ಜಯ್ಯ. ಒಂದೇ ಸಾಕು ಅಂತ ಬಲ್ಯಪ್ಪನೇ ಹೇಳಿದ್ರು."

ಮಾಚಯ್ಯ ಮುಂದೆ ಬಂದರು. "ಒಂದೇ ಹೊಡೆದು ಅವನನ್ನ ಕಳಿಸೋದಾ? ಚೋಂದಮ್ಮನಿಗೆ ಆದದ್ದು ಸಾಲದಾ?" ಎಂದವರೇ, ದೇಚಮ್ಮ ಬೇಡ ಬೇಡ ಎನ್ನುತ್ತಿರುವಾಗಲೇ, ಗೋಡೆಗೆ ಒರಗಿಸಿದ್ದ ತಮ್ಮ ತೋಟೆಯ ಕೋವಿ ಎತ್ತಿ ಹೊಡೆದರು. ನನ್ನ ಸದ್ದು ಗುಡ್ಡದಿಂದ ಇನ್ನೂ ಹಿಂದಿರುಗಿರಲಿಲ್ಲ. ಎರಡೂ ಜೊತೆಯಾಗಿಯೇ ಬಿದ್ದವು. ಹೊಡೆದಾದ ಮೇಲೆ ಮುದುಕ ಬಿಕ್ಕಿ ಬಿಕ್ಕಿ ಅತ್ತರು. ಅವರು ಪ್ರೀತಿಯಿಂದ ಮಾಡಿದ್ದು, ಅವರನ್ನು ದೂರಿ ಏನು ಪ್ರಯೋಜನ? ಗದ್ದೆಯಾಚೆಯವರಿಗೆ ಈ ಸಲ ಸುದ್ದಿ ಸರಿಯಾಗಿಯೇ ತಿಳಿಯಿತು.

ಈಗ ನಾನು ಮಡಿಕೇರಿಯಲ್ಲಿ ದೇಚಮ್ಮನ ಮನೆಯ ಗಾಜಿನ ಕಪಾಟಿನಲ್ಲಿದ್ದೇನೆ. ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತಾಳೆ. ಬಂದವರಿಗೆ ನನ್ನ ತಿರುಗಣೆ ತೋರಿಸುವುದುಂಟು, ಅವರು ನಗುವುದೂ ಉಂಟು. ನಾನೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಹಗಲು ಮನೆಯಲ್ಲಿ ಯಾರೂ ಇಲ್ಲದಾಗ ಲೆಕ್ಕ ತಾನಾಗಿ ನೆನಪಿಗೆ ಬರುತ್ತದೆ. ಅವಳಿಗೆ ಒಂದು, ಅವರಿಗೆ ಎರಡು. ಅವರು ಕೇಳಿಕೊಂಡದ್ದು ಅವಳಿಗಿಂತ ತಮಗೆ ಹೆಚ್ಚು ಬೇಡ ಎಂಬ ಒಂದೇ ಮಾತು. ಅದೂ ನಡೆಯಲಿಲ್ಲ.