ಹಳೇ ಸುಣ್ಣದ ಮೇಲೆ ಹೊಸ ಪುಟ್ಟಿ

ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು, ಮದುವೆಯಾದ ಹೊಸದರಲ್ಲಿ, ಫಕೀರೇಶ ಹೆಂಡತಿ ಕಳಕವ್ವನಿಗೆ ಒಂದು ಮಾತು ಕೊಟ್ಟಿದ್ದನಂತೆ: "ನೀ ಯಾರ ಕೈಕೆಳಗೂ ದುಡಿಯೂದು ಬ್ಯಾಡ. ಮನ್ಯಾಗ ಕುಂತು ಹೊಲಿಯೂ ಹಂಗ ಮಾಡ್ತೀನಿ." ಆ ಮಾತಿನ ಭಾರ ಕೊನೆಗೆ ನನ್ನ ಮೇಲೆ ಬಂತು.

ನಾನು ಪುಟ್ಟಿ ಎಳೆಯುವ ಒಂದು ಬ್ಲೇಡು; ಪುಟ್ಟಿಯೆಂದರೆ ಬಣ್ಣಕ್ಕೆ ಮೊದಲು ಗೋಡೆ ನುಣುಪಾಗಲೆಂದು ಹಚ್ಚುವ ಬಿಳಿ ಲೇಪ. ಬೆಟಗೇರಿಯ ಶೆಡ್ಡೊಂದರಲ್ಲಿ ಉಕ್ಕಿನ ತಗಡು ಕತ್ತರಿಸಿ, ಅಂಚು ಮಸೆದು, ಮರದ ಹಿಡಿಕೆ ಜಡಿದು ನನ್ನನ್ನು ಮಾಡಿದರು. ಪೇಂಟರ್ ದಾವಲಸಾಬ ಕೊಂಡುಕೊಂಡ. ಹದಿನಾಲ್ಕು ವರ್ಷ ಅವನ ಕೈಯಲ್ಲಿದ್ದೆ. ಒಂದು ಗೋಡೆಗೂ ಗೀರು ಬಿಡಲಿಲ್ಲ. ಸಂಜೆಯಾದರೆ ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಆಮೇಲೆ ವಯಸ್ಸಾಗಿ ಕೆಲಸ ಬಿಟ್ಟು ಮನೆಯ ಕಟ್ಟೆ ಹಿಡಿದ.

ಆಗ ಪಕ್ಕದ ಮನೆಯ ಫಕೀರೇಶ ನನ್ನನ್ನು ಕೇಳಿಕೊಂಡು ಬಂದ. ಅವನು ಹಿಟ್ಟಿನ ಗಿರಣಿಯ ಕೆಲಸಗಾರ. ಕಳಕವ್ವ ಹೊಲಿಯುವ ಕೋಣೆಯಲ್ಲಿ ಗೋಡೆಯ ಸುಣ್ಣ ಉದುರಿ ಗಿರಾಕಿಗಳ ರೇಷ್ಮೆ ಕುಪ್ಪಸಕ್ಕೆ ಅಂಟುತ್ತಿತ್ತು. ಹೀಗೇ ಆದರೆ ಗಿರಾಕಿಗಳು ತಪ್ಪಿ ಅವಳು ಗಾರ್ಮೆಂಟ್ಸ್ ಕಾರ್ಖಾನೆಯ ಪಾಳಿಗೆ ಹೋಗಬೇಕಾಗುತ್ತಿತ್ತು.

"ಮೊದ್ಲ ಹಳೇ ಸುಣ್ಣ ಪೂರಾ ಕೆರಿ. ಸಿಮೆಂಟ್ ಕಾಣೂ ಮಟ," ಎಂದು ಹೇಳಿಯೇ ದಾವಲಸಾಬ ನನ್ನನ್ನು ಕೊಟ್ಟ.

ಫಕೀರೇಶ ಕೆರೆದ. ಅರ್ಧ ತಾಸಿಗೆ ಕೋಣೆ ತುಂಬ ಧೂಳು.

"ಸಾಕ್ ಬಿಡ್ರಿ, ನಾಳೆ ಕೊಡೂ ಬಟ್ಟಿ ಅದಾವು," ಎಂದಳು ಕಳಕವ್ವ.

ಅವನಿಗೂ ಅದೇ ಬೇಕಿತ್ತು. "ಮ್ಯಾಲ ಪುಟ್ಟಿ ಹಚ್ಚಿದ್ರ ಉಳಿದ ಸುಣ್ಣಾನೂ ಹಿಡಕೊಂಡು ಕುಂದರತೈತಿ," ಎಂದು ಕೆರೆಯುವುದನ್ನು ಅಲ್ಲಿಗೇ ನಿಲ್ಲಿಸಿದ.

ಪುಟ್ಟಿ ಕಲಸುವಾಗ ನೀರಿಗೆ ಪುಡಿ ಹಾಕಬೇಕು. ಇವನು ಪುಡಿಯ ನಡುವೆ ಗುಂಡಿ ಮಾಡಿ, ನೀರು ಸುರಿದು, ನಾದತೊಡಗಿದ.

"ರೊಟ್ಟಿ ಬಡೀತೀರೇನು?" ಎಂದಳು ಕಳಕವ್ವ.

"ಹಿಟ್ಟಿನ ವಿಷಯ ನನಗ ಹೇಳಬ್ಯಾಡ."

ಗಂಟುಗಳು ನನ್ನ ಅಂಚಿಗೆ ಸಿಕ್ಕಿ ಗೋಡೆಯುದ್ದಕ್ಕೂ ಗೀರು ಬಿದ್ದವು. ಮರುದಿನ ಜರಡಿ ಹಿಡಿದ. ಗಂಟು ಹೋದವು, ಆದರೆ ಒಣ ಗೋಡೆ ನೀರು ಹೀರಿ, ನಾನು ಎಳೆಯುವ ಮೊದಲೇ ಪುಟ್ಟಿ ಬಿಗಿಯಿತು. ಬಕೀಟಿನಲ್ಲಿ ಗಟ್ಟಿಯಾದದ್ದಕ್ಕೆ ಮತ್ತೆ ನೀರು ಬೆರೆಸಿ ಬಳಿದ. ಅದು ಒಣಗಿ ಪುಡಿಯಾಯಿತು. ದಪ್ಪಗೆ ಮೆತ್ತಿದ, ಸೀಳು ಬಿಟ್ಟಿತು. ಒಂದೊಂದಕ್ಕೂ ಓಡಿಹೋಗಿ ದಾವಲಸಾಬನನ್ನು ಕೇಳುತ್ತಿದ್ದ. ಗೋಡೆ ತೋಯಿಸು, ತೆಳ್ಳಗೆ ಎರಡು ಸಲ ಎಳೆ ಎಂದು ಮುದುಕ ಕಟ್ಟೆಯ ಮೇಲೆ ಕೂತೇ ಮದ್ದು ಹೇಳಿದ. "ಕೆರದೀ ಹೌದಿಲ್ಲೊ?" ಎಂದೂ ಕೇಳಿದ.

"ಹೂಂ ಕಾಕಾ, ಕೆರದೀನಿ."

ಅದು ಸುಳ್ಳೆಂದು ನನಗೆ ಗೊತ್ತಿತ್ತು. ಸವರಿದಲ್ಲೆಲ್ಲ ಗೋಡೆ ಪೊಳ್ಳು ಸದ್ದು ಕೊಡುತ್ತಿತ್ತು. ಬ್ಲೇಡಿಗೆ ಬಾಯಿಲ್ಲ.

ಭಾನುವಾರ ಗೋಡೆ ನುಣ್ಣಗಾಯಿತು. ಕಳಕವ್ವ ಅಂಗೈಯಿಂದ ಸವರಿ, ಅಂಗೈ ನೋಡಿಕೊಂಡಳು. ಬಿಳಿ ಅಂಟಿರಲಿಲ್ಲ. "ಆತಲ್ರಿ," ಎಂದಳು. ಅವನು ಗಲ್ಲದ ಮೇಲಿನ ಪುಟ್ಟಿ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದ.

ಹನ್ನೆರಡನೆಯ ದಿನ ಅವಳು ಮಷಿನ್ ತುಳಿಯುತ್ತಿದ್ದಾಗ ತಟ್ಟೆಯಗಲದ ಪುಟ್ಟಿಯ ಹಕ್ಕಳೆ ಗೋಡೆಯಿಂದ ಬಿಚ್ಚಿಕೊಂಡು ಮದುಮಗಳೊಬ್ಬಳ ಕುಪ್ಪಸದ ಮೇಲೆ ಬಿತ್ತು. ಸಂಜೆಯೊಳಗೆ ಇನ್ನೂ ನಾಲ್ಕು ಬಿದ್ದವು. ದಾವಲಸಾಬ ಕೋಲೂರಿಕೊಂಡು ಬಂದು ಒಂದು ಚೂರು ತಿರುವಿ ನೋಡಿದ. ಹಿಂಬದಿಯಲ್ಲಿ ಎಷ್ಟೋ ದೀಪಾವಳಿಗಳ ಸುಣ್ಣ, ಪದರ ಪದರ. ಪುಟ್ಟಿ ಸುಣ್ಣವನ್ನು ಬಿಗಿಯಾಗಿಯೇ ಹಿಡಿದಿತ್ತು. ಸುಣ್ಣ ಗೋಡೆಯನ್ನು ಹಿಡಿದಿರಲಿಲ್ಲ.

"ಕೆರದಿಲ್ಲ ನೀ," ಎಂದ ಮೆಲ್ಲಗೆ.

"ಈಗ ಕೆರೀತೀನಿ ಕಾಕಾ."

"ಕೆರಿ. ಆದ್ರ ಅದು ಮುಗಿಯೂ ತನಕ ಇಲ್ಲೆ ಹೊಲಿಯೂ ಹಂಗಿಲ್ಲ."

ಲಗ್ನದ ಗಿರಾಕಿಗಳು ಕಾಯಲಿಲ್ಲ, ಬಟ್ಟೆ ವಾಪಸ್ ಒಯ್ದರು.

ಈಗ ನಾನು ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಅಂಚನ್ನು ತುಕ್ಕು ತಿಂದಿದೆ. ಗಿರಾಕಿಗಳು ಹೋದ ಮೇಲೆ ಫಕೀರೇಶ ಕೆರೆಯುವುದನ್ನೂ ಬಿಟ್ಟ; ಗೋಡೆ ಅರ್ಧ ಕೆರೆದಲ್ಲಿಗೇ ನಿಂತಿದೆ. ಮೇಲೆ ನುಣುಪು ಮಾಡುವುದಷ್ಟೇ ನನ್ನ ಕೆಲಸವೆಂದು ಬದುಕಿದೆ. ಕೆಳಗಿನದು ಗಟ್ಟಿಯಿಲ್ಲದಿದ್ದರೆ ಅದು ಕೆಲಸವೇ ಅಲ್ಲ. ತಿಳಿದೂ ಉಪಯೋಗವಿಲ್ಲ.

ಕಳಕವ್ವ ಬೆಳಿಗ್ಗೆ ಏಳಕ್ಕೆ ಬುತ್ತಿಡಬ್ಬಿ ಹಿಡಿದು ಕಾರ್ಖಾನೆಯ ಬಸ್ ಹತ್ತುತ್ತಾಳೆ. ಫಕೀರೇಶ ಕೊಟ್ಟ ಮಾತು ನಡೆಯಲಿಲ್ಲ.