ಒಂದು ಇಂಚು ನಲವತ್ತು ಸೆಂಟ್ಸ್

ನಮ್ಮ ಕಡೆ ಕಾಫಿ ಬೆಳೆಯುವವರು ಕಾಗದ ಬರೆದರೆ ಕ್ಷೇಮ ಸಮಾಚಾರದ ಮುಂದಿನ ಸಾಲೇ ಮಳೆ. ತಾರೀಕು ಹಾಕಿ, ಇಷ್ಟು ಇಂಚು ಇಷ್ಟು ಸೆಂಟ್ಸ್ ಎಂದು ಬರೆಯದಿದ್ದರೆ ಓದಿದವರಿಗೆ ಸಮಾಧಾನವಿಲ್ಲ. ಅಜ್ಜ ತೀರಿಕೊಂಡ ಸುದ್ದಿ ಕೂಡ ಮಳೆಯ ನಂತರವೇ. ಒಂದು ಇಂಚಿಗೆ ನೂರು ಸೆಂಟ್ಸ್ ಎಂಬುದು ನಮ್ಮೂರು ಬಣಕಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು. ಬಾಗ್ದಾದಿನ ಪೊಲೀಸರಿಗೆ ಗೊತ್ತಿರಲಿಲ್ಲ.

ನನ್ನ ಗಂಡ ದೇವರಾಜ ಇರಾಕಿಗೆ ಹೋಗಿದ್ದು 1988ರಲ್ಲಿ, ಲಾರಿ ಓಡಿಸಲಿಕ್ಕೆ. ನಮಗಿದ್ದದ್ದು ಮೂರು ಎಕರೆ ತೋಟ. ಮಾರ್ಚಿನಲ್ಲಿ ಹೂಮಳೆ ಬಿದ್ದರೆ ಗಿಡ ಹೂ ಬಿಟ್ಟು ಫಸಲು ಹಿಡಿಯುತ್ತದೆ, ಬೀಳದಿದ್ದರೆ ಆ ವರ್ಷ ಬೋಳು. ದೊಡ್ಡ ಎಸ್ಟೇಟಿನವರು ಸ್ಪ್ರಿಂಕ್ಲರ್ ಹಾಕಿ ನೀರು ಹಾರಿಸುತ್ತಾರೆ. ನಾವು ಆಕಾಶ ನೋಡುತ್ತೇವೆ. "ಒಂದು ಸ್ಪ್ರಿಂಕ್ಲರ್ ಸೆಟ್ ತಗೊಳ್ಳೋಷ್ಟು ದುಡ್ಕೊಂಡು ಬಂದ್ಬಿಡ್ತೀನಿ ಮಾರಾಯ್ತಿ, ಎರಡೇ ವರ್ಷ" ಎಂದು ಹೋದರು. ಮಕ್ಕಳಿಲ್ಲದ ಮನೆ. ಆ ಎರಡು ವರ್ಷ ನಾನು ಹೆಚ್ಚಾಗಿ ಮಾತಾಡಿದ್ದು ನಾಯಿಯ ಜೊತೆ. ಅದಕ್ಕೂ ಬೇಜಾರು ಬಂದು ಎದ್ದು ಹೋಗುತ್ತಿತ್ತು.

1990ರ ಫೆಬ್ರವರಿಯಲ್ಲಿ ಅವರ ಕಾಗದ ಬಂತು. 'ಹೂಮಳೆ ಸರಿಯಾಗಿ ಆದರೆ ಜೂನಿನಲ್ಲಿ ಬರುತ್ತೇನೆ. ಕೈಕೊಟ್ಟರೆ ಇನ್ನೆರಡು ವರ್ಷಕ್ಕೆ ಸಹಿ ಹಾಕುತ್ತೇನೆ. ಮಳೆ ಎಷ್ಟಾಯಿತು, ತಪ್ಪದೆ ಬರಿ.'

ಆ ವರ್ಷ ಮಳೆ ಕೈಕೊಟ್ಟಿತು. ಮೋಡ ಬರುವುದು, ದೇವರಮನೆ ಗುಡ್ಡದ ಮೇಲೆ ಸುಮ್ಮನೆ ಹಾದು ಘಟ್ಟ ಇಳಿದು ಹೋಗುವುದು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಗುರುವಯ್ಯನವರು ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರು ಬರೆದದ್ದೇ ಸುತ್ತಲಿನವರಿಗೆಲ್ಲ ಪ್ರಮಾಣ. ನಾನು ಬೇಲಿಯ ಈಚೆ ನಿಂತು ಕೇಳಿದರೆ "ಸೊನ್ನೆ ಕಣಮ್ಮ" ಅನ್ನುತ್ತಿದ್ದರು. ತಿಂಗಳು ಪೂರ್ತಿ ಅದೇ ಉತ್ತರ.

ಇನ್ನೆರಡು ವರ್ಷ! ನನ್ನ ಕೈಯಲ್ಲಿ ಆಗುವುದಿಲ್ಲ ಅನಿಸಿತು. ಕೂತು ಬರೆದೆ: ಮಾರ್ಚ್ 14, 1-40. ಮಾರ್ಚ್ 15, 0-35. ಮಾರ್ಚ್ 31, 0-80. ಹೂ ಚೆನ್ನಾಗಿ ಬಿಟ್ಟಿದೆ, ಬನ್ನಿ. ಅದರಲ್ಲಿ 'ಬನ್ನಿ' ಎಂಬುದೊಂದೇ ನಿಜ. ಬಂದ ಮೇಲೆ ಬೈದರೆ ಬೈಸಿಕೊಂಡರಾಯಿತು ಎಂದುಕೊಂಡೆ. ಏಪ್ರಿಲಿನಲ್ಲಿ ಇನ್ನೂ ಎರಡು ಕಾಗದ ಹಾಕಿದೆ. ಅವುಗಳಲ್ಲೂ ಅಂಕಿ.

ಜೂನಿನಲ್ಲಿ ಅವರು ಬರಲಿಲ್ಲ. ಜೊತೆಯಲ್ಲಿ ಕೆಲಸಕ್ಕಿದ್ದ ಮಂಗಳೂರಿನವರೊಬ್ಬರು, ರಜೆಗೆ ಬರುವವರ ಕೈಯಲ್ಲಿ ಕಾಗದ ಕೊಟ್ಟು ಕಳಿಸಿದ್ದರು. ಅಲ್ಲಿ ಈಗ ಯಾರನ್ನು ಕಂಡರೂ ಗೂಢಚಾರನೆಂಬ ಅನುಮಾನವಂತೆ. ಪರದೇಶದಿಂದ ಬಂದ ಕಾಗದಗಳನ್ನೆಲ್ಲ ಒಡೆದು ನೋಡುತ್ತಾರಂತೆ. ನನ್ನ ಅಂಕಿಗಳು ಗುಪ್ತ ಸಂಕೇತವೆಂದು ಕೆಂಪು ಗೆರೆ ಎಳೆದು, ಇವರನ್ನು ಊಟಕ್ಕೆ ಕೂತಲ್ಲಿಂದಲೇ ಎಬ್ಬಿಸಿಕೊಂಡು ಹೋದರಂತೆ. ತಿಂಗಳು ಕಳೆಯುವುದರೊಳಗೆ ದೆಹಲಿಯ ವಿದೇಶಾಂಗ ಇಲಾಖೆಯಿಂದಲೂ ಕಾಗದ ಬಂತು. ಆ ಅಂಕಿಗಳು ಮಳೆಯವು ಎಂಬುದಕ್ಕೆ ಪುರಾವೆ ಕಳಿಸಿ, ಬಿಡಿಸಲು ಪ್ರಯತ್ನಿಸುತ್ತೇವೆ ಎಂದಿತ್ತು.

ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಲ್ಲ, ಫಿರಂಗಿ ಟ್ಯಾಂಕು ಇಟ್ಟುಕೊಂಡು ಅಕ್ಕಪಕ್ಕದ ದೇಶಗಳನ್ನು ನಡುಗಿಸುವವರಿಗೆ, ಏಳನೇ ಕ್ಲಾಸು ಓದಿದ ಹೆಂಗಸಿನ ಕಾಗದ ಕಂಡರೆ ಭಯವೇ? ಅವರ ಮನೆ ಹಾಳಾಗ!

ದೆಹಲಿಯ ಕಾಗದ ಹಿಡಿದು ಗುರುವಯ್ಯನವರ ಆಫೀಸಿಗೆ ಹೋಗಿ, ನಾನು ಬರೆದಿದ್ದ ಅಂಕಿಗಳನ್ನು ಹೇಳಿದೆ. ಅವರು ಮಳೆಯ ಪುಸ್ತಕ ತೆಗೆದರು. ಮಾರ್ಚ್ ಪೂರ್ತಿ ಸೊನ್ನೆ.

"ಪ್ರೇಮಾ, ಇದೇನಮ್ಮ? ನೀನು ಯಾವ ಆಕಾಶ ನೋಡಿ ಬರ್ದೆ?"

"ಅವ್ರು ಬರ್ಲಿ ಅಂತ ಬರ್ದೆ ರೈಟರೇ."

"ಇಪ್ಪತ್ತಾರು ವರ್ಷ ಆಯ್ತು. ಇದ್ರಲ್ಲಿ ಒಂದು ಸೆಂಟ್ ಸುಳ್ಳು ಬರ್ದೋನಲ್ಲ ನಾನು" ಎಂದು ಪುಸ್ತಕ ಮುಚ್ಚಿದರು. ದಾರಿಯುದ್ದಕ್ಕೂ ಅವರನ್ನೂ ಬೈಯುತ್ತ ಮನೆಗೆ ಬಂದೆ.

ನಾಲ್ಕನೇ ದಿನ ಅವರೇ ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಹೊಸ ಪುಸ್ತಕ. ಜನವರಿಯಿಂದ ಜೂನ್‌ವರೆಗೆ ಎಲ್ಲವನ್ನೂ ಮತ್ತೆ ಬರೆದಿದ್ದರು. ಹಳತೆಂದು ಕಾಣಲಿ ಎಂದು ಅಲ್ಲಲ್ಲಿ ಇಂಕು ಬದಲಿಸಿದ್ದರು, ಕಾಫಿ ಲೋಟದ ಕಲೆಯನ್ನೂ ಮಾಡಿದ್ದರು. ಮಾರ್ಚ್ 14ರ ಎದುರಿಗೆ 1-40.

"ಪಾಪ ಬಂದ್ರೆ ನನಗೆ ಬರ್ಲಿ. ಮೊದ್ಲು ನಿನ್ನ ಗಂಡ ಬರ್ಲಿ" ಎಂದರು. ಅವತ್ತೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ದೆಹಲಿಗೆ ಕಳಿಸಿದೆವು.

ಎರಡು ವಾರವಾಗಿರಲಿಲ್ಲ, ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿಗೆ ಟಪಾಲು ನಿಂತಿತು. ಚಳಿಗಾಲದಲ್ಲಿ ಬಾಂಬು ಬೀಳತೊಡಗಿದವು. ಅದಕ್ಕೆ ಮೊದಲೇ ಆ ಕಡೆಯಿಂದ ನಮ್ಮವರು ಲಕ್ಷಕ್ಕೂ ಹೆಚ್ಚು ಜನ ವಿಮಾನ ಹತ್ತಿ ವಾಪಸು ಬಂದಿದ್ದರು. ಆ ಮಂಗಳೂರಿನವರೂ ಬಂದಿದ್ದರು. ಹೋಗಿ ಕೇಳಿದೆ. "ಕರ್ಕೊಂಡು ಹೋದ್ಮೇಲೆ ನಾನು ನೋಡ್ಲೇ ಇಲ್ಲಕ್ಕ" ಎಂದು ತಲೆ ತಗ್ಗಿಸಿದರು. ಹೊರನಾಡಿನ ದೇವಿಗೆ ಹರಕೆ ಹೊತ್ತೆ. ದೆಹಲಿಗೆ ಬರೆದೆ, ಬರೆದೆ, ಬರೆದೆ. ನಾಯಿ ಸತ್ತಿತು. ಬೇರೆ ನಾಯಿ ತರಲು ಮನಸ್ಸಾಗಲಿಲ್ಲ. ಕುಂಕುಮ ಇಡಬೇಕೋ ಬಿಡಬೇಕೋ ಹೇಳುವವರಿಲ್ಲ. ದಿನಾ ಕನ್ನಡಿಯ ಮುಂದೆ ಒಂದು ಗಳಿಗೆ ನಿಂತು, ಇಟ್ಟುಕೊಳ್ಳುತ್ತಿದ್ದೆ.

ಹದಿಮೂರು ವರ್ಷ ಹೀಗೇ ಹೋಯಿತು. 2003ರಲ್ಲಿ ಮತ್ತೆ ಯುದ್ಧವಾಗಿ ಅಲ್ಲಿಯ ಸರ್ಕಾರ ಬಿತ್ತು. ಮರುವರ್ಷ ದೆಹಲಿಯಿಂದ ಒಂದು ದಪ್ಪ ಕವರು ಬಂತು. ಯಾವುದೋ ಜೈಲಿನ ಕಡತದಲ್ಲಿ ಸಿಕ್ಕಿದ್ದಂತೆ. ನನ್ನ ಮೂರು ಕಾಗದ, ಅಂಕಿಗಳ ಕೆಳಗೆ ಕೆಂಪು ಗೆರೆ. ಜೊತೆಗೆ ಅವರ ವಿಚಾರಣೆಯ ಒಂದೇ ಒಂದು ಹಾಳೆ, ಅದರ ಇಂಗ್ಲಿಷ್ ಅನುವಾದ. ಗುರುವಯ್ಯನವರಿಗೆ ಆಗ ಎಪ್ಪತ್ತು ದಾಟಿತ್ತು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಕನ್ನಡ ಮಾಡಿ ಓದಿದರು.

'ಈ ಅಂಕಿಗಳೇನು ಎಂದು ಕೇಳಲಾಯಿತು. ಮಳೆ ಎಂದ. ನಿಜವೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಲಾಯಿತು. ಬರೆದವಳು ನನ್ನ ಹೆಂಡತಿ, ಮಳೆಯ ವಿಷಯದಲ್ಲಿ ಅವಳು ಸುಳ್ಳು ಬರೆಯುವುದಿಲ್ಲ ಎಂದ.'

ತಾರೀಕು 1990ರ ಮೇ. ಅದರ ಮುಂದೆ ಹಾಳೆಯಿಲ್ಲ. ಇದ್ದಾರೋ ಸತ್ತರೋ, ಒಂದು ಅಕ್ಷರವಿಲ್ಲ. ನಾವು ಕಳಿಸಿದ ಪುಸ್ತಕ ಅಲ್ಲಿಗೆ ಮುಟ್ಟಿತೋ ಇಲ್ಲವೋ, ಅದೂ ಇಲ್ಲ.

ಎಷ್ಟೋ ವರ್ಷದಿಂದ ಗಂಟಲಲ್ಲಿದ್ದ ಮಾತು ಅವತ್ತು ಹೊರಬಂತು. "ನಿಜ ಬರ್ದಿದ್ರೆ ಕಾಗದದಲ್ಲಿ ಮಳೆ ಅಂಕಿನೇ ಇರ್ತಿರ್ಲಿಲ್ಲ. ಅಲ್ವಾ ರೈಟರೇ?"

ನನಗಾಗಿ ಒಮ್ಮೆ ಸುಳ್ಳು ಬರೆದಿದ್ದವರು. ಇನ್ನೊಂದು ಹೇಳಲಿ ಎಂದು ಅವರ ಮುಖವನ್ನೇ ನೋಡಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ಇರ್ತಿರ್ಲಿಲ್ಲ ಕಣಮ್ಮ" ಎಂದರು.

ಗುರುವಯ್ಯನವರು ತೀರಿಕೊಂಡು ಎರಡು ವರ್ಷವಾಯಿತು. ಹೋಗುವ ಮೊದಲು ತಮ್ಮ ಹಳೆಯ ಮಳೆಮಾಪಕವನ್ನು ನನಗೆ ಕೊಟ್ಟರು. ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳಕ್ಕಿಳಿದು ನೋಡುತ್ತೇನೆ. ಬೇಲಿಯಾಚೆಯಿಂದ ಎಷ್ಟಾಯಿತು ಎಂದು ಕೇಳುವವರು ಯಾರೂ ಇಲ್ಲ.

ಇವತ್ತು ಮಾರ್ಚ್ 14. ನೋಡಿ ಬಂದು, ಹಾಕಲು ವಿಳಾಸವಿಲ್ಲದ ಕಾಗದ ಬರೆದೆ. ಮಳೆ ಸೊನ್ನೆ. ಹೂ ಬಿಟ್ಟಿಲ್ಲ. ಆದರೂ ಬನ್ನಿ.