ವಾಚಣ್ಣ ಹೇಳಿದ ಹನ್ನೆರಡು ನಿಮಿಷ

ಮೇಷ್ಟ್ರನ್ನು ಕೆಲಸದಿಂದ ತೆಗೆದ ಸುದ್ದಿ ವಾಚಣ್ಣನ ಅಂಗಡಿಗೆ ಬಂದಾಗ ಬೆಳಗಿನ ಹನ್ನೊಂದು ಗಂಟೆ. ಗೋಡೆಯ ಮೇಲಿದ್ದ ಇಪ್ಪತ್ತೆರಡು ಗಡಿಯಾರಗಳೂ ಹನ್ನೊಂದನ್ನೇ ತೋರಿಸುತ್ತಿದ್ದವು. ಆ ಅಂಗಡಿಯಲ್ಲಿ ತಪ್ಪು ವೇಳೆ ತೋರಿಸುವ ಧೈರ್ಯ ಯಾವ ಗಡಿಯಾರಕ್ಕೂ ಇರಲಿಲ್ಲ. ಸುದ್ದಿ ತಂದವನು ವಾಚಣ್ಣನ ಹೆಂಡತಿಯ ತಮ್ಮ, ಸಿಟಿ ಬಸ್ಸಿನ ಡ್ರೈವರ್. ಬೀದಿಯವರೆಲ್ಲ ಅವನನ್ನು ಹಾರ್ನ್ ಅನ್ನುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ.

"ಭಾವಾ! ಕಿತ್ತುಹಾಕಿದ್ರು ನಿಮ್ಮ ಮೇಷ್ಟ್ರನ್ನ! ಏಳು ಮ್ಯಾಚ್ ಸೋತಿದ್ದಕ್ಕೆ ಗಂಟುಮೂಟೆ ಕಟ್ಟಿಸಿದ್ರು. ಅಬ್ಬಾ, ಇವತ್ತು ನನ್ನ ಹೊಟ್ಟೆ ತಣ್ಣಗಾಯ್ತು!"

ವಾಚಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಹಳೇ ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದ. ಚಿಮುಟದಲ್ಲಿದ್ದ ಸಾಸಿವೆಗಿಂತ ಸಣ್ಣ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಮೂವತ್ತೈದು ವರ್ಷದ ಕಸುಬಿನಲ್ಲಿ ಹಾಗೆಲ್ಲ ಜಾರಿಸಿದವನಲ್ಲ. ಮೇಜಿನ ಕೆಳಗೆ ಬಗ್ಗಿ ಹುಡುಕಿದ. ಸ್ಕ್ರೂ ಬೇಗನೇ ಸಿಕ್ಕಿತು, ಆದರೂ ಸ್ವಲ್ಪ ಹೊತ್ತು ಅಲ್ಲೇ ಬಗ್ಗಿಕೊಂಡಿದ್ದ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಊರಿನ ಫುಟ್ಬಾಲ್ ಕ್ಲಬ್ಬಿಗೆ ಹನ್ನೊಂದು ವರ್ಷ ಮ್ಯಾನೇಜರ್ ಆಗಿದ್ದವರು. ಬೆಳೆದು ನಿಂತ ಆಟಗಾರರ ಕಿವಿ ಹಿಂಡುತ್ತಿದ್ದರೆಂದು ಆ ಹೆಸರು. ಆರು ವರ್ಷದ ಹಿಂದೆ ದೂರದ ದೊಡ್ಡ ಕ್ಲಬ್ಬೊಂದು ಕರೆಯಿತು, ಇವರು ಹೊರಟರು. ಹೊರಟಿದ್ದಕ್ಕಿಂತ, ಹೊರಡುವ ಮುಂಚಿನ ಕೊನೆಯ ಪಂದ್ಯವನ್ನು ಕೈಯಾರೆ ಬಿಟ್ಟುಕೊಟ್ಟರೆಂದು ಊರಿಗೆ ಹೆಚ್ಚು ಸಿಟ್ಟು. ಅವರ ಫೋಟೋವನ್ನು ಕ್ಲಬ್ಬಿನ ಗೋಡೆಯಿಂದ ಇಳಿಸಿದವರಲ್ಲಿ ಹಾರ್ನ್ ಮುಂದಾಳು.

ಎದುರಿನ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ನರ್ಸಕ್ಕ ರಸ್ತೆ ದಾಟಿ ಬಂದಳು. ಭಾವ-ಮೈದುನರಿಗೂ ಅವಳಿಗೂ ಇಪ್ಪತ್ತು ವರ್ಷದ ಪರಿಚಯ, ಎಲ್ಲ ಮೈದಾನದ್ದು: ಮುಂದಿನ ಸಾಲು, ಮ್ಯಾನೇಜರ್ ಬೆಂಚಿನ ಬೆನ್ನಿಗೇ ಮೂರು ಸೀಟು. ಅವಳ ಕಣ್ಣು ಕೆಂಪಾಗಿತ್ತು, ಪಾಳಿಯಿಂದಲೋ ಸುದ್ದಿಯಿಂದಲೋ.

"ಕೇಳಿದ್ರಾ?" ಅಂದಳು. ಹಾರ್ನ್‌ನ ಹಲ್ಲುಕಿರಿತ ನೋಡಿ, "ಕೇಳದೆ ಏನು, ಇವನಿರೋವಾಗ," ಅಂತ ಸ್ಟೂಲ್ ಎಳೆದು ಕೂತಳು.

ಆಮೇಲೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಬೈಯಲು ಕೂತ ಹಾರ್ನ್ ಕೂಡ ನೆನಪಿನ ಪ್ರವಾಹಕ್ಕೆ ಸಿಕ್ಕಿಕೊಂಡ. ಮೈದಾನ ಕೆಸರಾಗಿದ್ದ ದಿನ ಮೇಷ್ಟ್ರು ಹೊಸ ಬೂಟು ಬಿಚ್ಚಿ ಬರಿಗಾಲಲ್ಲಿ ನಿಂತು ಆಡಿಸಿದ್ದು. ಗೋಲ್‌ಕೀಪರ್ ಅಪ್ಪನಾದ ಸುದ್ದಿ ಬಂದಾಗ ಅದನ್ನು ಪಂದ್ಯ ಮುಗಿಯುವವರೆಗೂ ಮುಚ್ಚಿಟ್ಟು, ಆಮೇಲೆ ಅವನಿಂದ ಬೈಸಿಕೊಂಡದ್ದು. ಸೋತ ದಿನ ಗೇಟಿನಲ್ಲಿ ನಿಂತು, ಹೊರಗೆ ಹೋಗುವ ಒಬ್ಬೊಬ್ಬರಿಗೂ "ತಪ್ಪಾಯ್ತು, ಮುಂದಿನ ವಾರ ಬನ್ನಿ" ಅನ್ನುತ್ತಿದ್ದದ್ದು. ಯಾವ ಮ್ಯಾನೇಜರ್ ಹಾಗೆ ಮಾಡುತ್ತಾನೆ ಹೇಳಿ!

"ಮತ್ತೆ ಕೊಕ್ಕರೆ?" ಅಂದಳು ನರ್ಸಕ್ಕ.

ಕೊಕ್ಕರೆ ಅಂದರೆ ಉದ್ದ ಕಾಲಿನ ಆ ಹಳೆಯ ಆಟಗಾರ. ಅವನ ಮಂಡಿ ಕೆಟ್ಟು ಕೆರ ಹಿಡಿದಿತ್ತು, ಐದಾರು ನಿಮಿಷಕ್ಕಿಂತ ಹೆಚ್ಚು ಓಡಿದರೆ ಎತ್ತಿಕೊಂಡೇ ಬರಬೇಕು. ಬೇರೆ ಯಾರಾದರೂ ಅವನಿಗೆ ಹಾರ ಹಾಕಿ ಮನೆಗೆ ಕಳಿಸುತ್ತಿದ್ದರು. ಮೇಷ್ಟ್ರು ಅವನನ್ನು ಬೆಂಚಿನಲ್ಲಿ ಜೋಪಾನ ಮಾಡಿ, ಕೊನೆಯ ಆರು ನಿಮಿಷಕ್ಕೆ ಸರಿಯಾಗಿ ಇಳಿಸುತ್ತಿದ್ದರು. ಎದುರಾಳಿಗಳು ಸುಸ್ತಾಗಿರುವಾಗ ಇವನು ಬಂದು ತಲೆಯಲ್ಲಿ ಗುದ್ದಿ ಗೋಲು ಹಾಕುತ್ತಿದ್ದ. ಹಾಗೆ ಗೆದ್ದ ಪಂದ್ಯ ಒಂದೆರಡಲ್ಲ.

ಆ ಆರು ನಿಮಿಷ ಹೇಳುತ್ತಿದ್ದವನು ವಾಚಣ್ಣ. ಮೈದಾನದ ದೊಡ್ಡ ಗಡಿಯಾರ ನಿಂತು ಯಾವ ಕಾಲವಾಗಿತ್ತೋ. ಮೇಷ್ಟ್ರು ವಾಚು ಕಟ್ಟುತ್ತಿರಲಿಲ್ಲ, ಕಟ್ಟಿದರೆ ಆಟ ಬಿಟ್ಟು ಅದನ್ನೇ ನೋಡುತ್ತೇನೆ ಅನ್ನುತ್ತಿದ್ದರು. ಪಂದ್ಯದ ಕೊನೆಗೊನೆಗೆ ಅವರ ಒಂದು ಕೈ ಬೆನ್ನ ಹಿಂದೆ ಬಂದು ಬೆರಳು ಅಗಲಿಸುತ್ತಿತ್ತು, ತಿರುಗಿ ನೋಡುವುದೂ ಇಲ್ಲ. ವಾಚಣ್ಣ ಕಂಬಿಯ ಮೇಲೆ ಬಗ್ಗಿ ಉಳಿದ ನಿಮಿಷ ಹೇಳುತ್ತಿದ್ದ. ಹನ್ನೊಂದು ವರ್ಷ ಇದು ನಡೆಯಿತು. ಗಂಡು ಮಗುವಿಗೆ, ಹೆಣ್ಣು ಮಗುವಿಗೆ ಅಪ್ಪನಾದಾಗಲೂ ವಾಚಣ್ಣ ಅಷ್ಟು ಹೆಮ್ಮೆಪಟ್ಟಿರಲಿಲ್ಲವೆಂದು ಅವನ ಹೆಂಡತಿ ಕುಟುಕುತ್ತಿದ್ದಳು, ಅದು ಸುಳ್ಳೂ ಆಗಿರಲಿಲ್ಲ.

"ನಾನು ಫೋನ್ ಮಾಡ್ತೀನಿ ಅವರಿಗೆ," ಅಂದಳು ನರ್ಸಕ್ಕ. ಮೇಷ್ಟ್ರ ತಾಯಿ ಕೊನೆಯ ದಿನಗಳಲ್ಲಿ ಅವಳ ವಾರ್ಡಿನಲ್ಲೇ ಇದ್ದವರು, ನಂಬರ್ ಅವಳ ಹತ್ತಿರ ಇತ್ತು. "ಮೂವರೂ ಮಾತಾಡೋಣ. ನಾವಿದ್ದೀವಿ ಅಂತ ಒಂದು ಮಾತು."

ಹಾರ್ನ್ ಮುಖ ಗಂಟಿಕ್ಕಿದ. "ಕೊನೇ ಮ್ಯಾಚ್ ಮರೆತ್ರಾ? ಅವತ್ತು ನೀವು ಡ್ಯೂಟಿಲಿದ್ರಿ, ನಾನು ಕಣ್ಣಾರೆ ನೋಡಿದೀನಿ. ಎರಡೂ ಕಡೆ ಒಂದೊಂದು ಗೋಲು, ಗೆದ್ದಿದ್ರೆ ಮೇಲಿನ ಲೀಗ್! ಕೊಕ್ಕರೆ ಜಾಕೆಟ್ ಬಿಚ್ತಾ ಇದ್ದಾನೆ, ರೆಫರಿ ಕೊನೇ ಸೀಟಿ ಹೊಡೆದೇ ಬಿಟ್ಟ. ಮೇಷ್ಟ್ರು ಕೊಕ್ಕರೇನ ಮರೆತುಬಿಟ್ರಂತೆ! ಮನಸ್ಸು ಆಗಲೇ ಹೊಸ ಕ್ಲಬ್ಬಲ್ಲಿತ್ತು. ಪೇಪರಿನವರ ಹತ್ರ 'ಲೆಕ್ಕ ತಪ್ಪಿದ್ದು ನಂದೇ' ಅಂತ ಅವರ ಬಾಯಿಂದಲೇ ಬಂದಿದೆ. ಅವತ್ತಿನಿಂದ ನಾವು ಕೆಳಗೇ ಕೊಳೀತಾ ಇದೀವಿ. ಹೇಳಿ ಭಾವ, ನಾನು ಹೇಳಿದ್ದರಲ್ಲಿ ಏನಾದ್ರೂ ತಪ್ಪಿದ್ಯಾ?"

ಆರು ವರ್ಷದಿಂದ ಈ ಪ್ರಶ್ನೆಗೆ ವಾಚಣ್ಣ ತಲೆಯಾಡಿಸಿಕೊಂಡು ಬಂದಿದ್ದ. ಇವತ್ತೂ ಆಡಿಸಬಹುದಿತ್ತು. ಆದರೆ ದೂರದ ಯಾವುದೋ ಊರಲ್ಲಿ ಮೇಷ್ಟ್ರು ಕೆಲಸ ಕಳೆದುಕೊಂಡು ಕೂತಿದ್ದಾರೆ, ಇಲ್ಲಿ ಅವರಿಗೆ ಒಂದು ಫೋನ್ ಕರೆಗೂ ದಾರಿ ಇಲ್ಲದ ಹಾಗೆ ಮಾಡಿದವನು ತಾನು. ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

"ಕೈ ಹಿಂದೆ ಬಂತು ಕಣೋ ಅವತ್ತು," ಅಂದ. "ಆರು ಉಳಿದಿತ್ತು. ನಾನು ಹನ್ನೆರಡು ಅಂದೆ."

ಹಾರ್ನ್ ನಕ್ಕ. "ನೀವಾ? ತಪ್ಪು ಟೈಮಾ? ಹೋಗಿ ಭಾವ."

"ಬೇಕು ಅಂತಲೇ ಅಂದೆ."

ಹೇಗೆ ಆಯಿತೆಂದು ಹೇಳಿದ. ಅವತ್ತು ಬೆಳಿಗ್ಗೆ ಪೇಪರಿನಲ್ಲಿ ಮೇಷ್ಟ್ರು ಹೊರಡುವ ಸುದ್ದಿ ಓದಿ ಉರಿದುಹೋಗಿದ್ದ. ಹನ್ನೊಂದು ವರ್ಷ ಬೆನ್ನ ಹಿಂದೆಯೇ ಕೂತವನಿಗೆ ಒಂದು ಮಾತು ಹೇಳಿಲ್ಲ, ಆದರೂ ಏನೂ ಆಗದವರ ಹಾಗೆ ಅದೇ ಕೈ ಹಿಂದೆ ಬಂತು. ಸ್ವಲ್ಪ ಪರದಾಡಲಿ ಅನ್ನಿಸಿತು. ಇನ್ನೊಮ್ಮೆ ಕೈ ಬಂದಾಗ ಸರಿಯಾಗಿ ಹೇಳೋಣ ಅಂದುಕೊಂಡ. ಹಾರ್ನ್ ಆಗ ರೆಫರಿಯ ವಂಶವನ್ನೆಲ್ಲ ಜಾಲಾಡುತ್ತಿದ್ದ, ಅವನಿಗೆ ಏನೂ ಕೇಳಿಸಲಿಲ್ಲ. ಕೈ ಮತ್ತೆ ಬರಲೇ ಇಲ್ಲ. ಕೂಗಿ ಹೇಳಲು ವಾಚಣ್ಣನಿಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಸೀಟಿ.

ಹಾರ್ನ್‌ನ ನಗು ಅಲ್ಲೇ ನಿಂತಿತು. "ಆರು ವರ್ಷ. ಪ್ರತಿ ಭಾನುವಾರ ನಿಮ್ಮ ಮನೇಲಿ ಕೂತು ಆ ಮನುಷ್ಯನ ಜನ್ಮ ಜಾಲಾಡಿದೀನಿ. ನನ್ನ ಮಕ್ಕಳಿಗೂ ಬೈಯೋದು ಕಲಿಸಿದೀನಿ. ನೀವು ಊಟ ಮಾಡ್ಕೊಂಡು ಕೇಳ್ತಾ ಕೂತಿದ್ರಿ." ಎದ್ದು ಬಾಗಿಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಹೋಗುತ್ತಾನೆ ಅಂದುಕೊಂಡರು, ಹೋಗಲಿಲ್ಲ.

ನರ್ಸಕ್ಕ ಮೇಷ್ಟ್ರ ನಂಬರ್ ಒತ್ತಿದಳು. ಸ್ಪೀಕರ್ ಹಾಕಿ, ಫೋನನ್ನು ಮೇಜಿನ ಮೇಲೆ ಸ್ಪ್ರಿಂಗು, ಮುಳ್ಳುಗಳ ನಡುವೆ ಇಟ್ಟಳು.

"ನರ್ಸಕ್ಕ!" ಮೇಷ್ಟ್ರ ದನಿ ಸ್ವಲ್ಪ ಮುದಿಯಾಗಿತ್ತು, ಅಷ್ಟೇ. "ಬೆಳಿಗ್ಗೆಯಿಂದ ಫೋನ್ ಮಾಡಿದವರಲ್ಲಿ ನೀವೇ ಮೊದಲನೆಯವರು. ನಿನ್ನೆವರೆಗೂ ಇದು ಬಡ್ಕೊಂಡು ಬಡ್ಕೊಂಡು ತಲೆ ತಿಂತಿತ್ತು."

"ವಾಚಣ್ಣ ಮಾತಾಡಬೇಕಂತೆ," ಅಂದಳು ಅವಳು.

ವಾಚಣ್ಣ ಕುಶಲ ಕೇಳಲಿಲ್ಲ, ಸಮಾಧಾನ ಹೇಳಲಿಲ್ಲ. ಎಲ್ಲಿ ಧೈರ್ಯ ಕೈಕೊಡುತ್ತದೋ ಎಂದು ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟ: ಆರು, ಹನ್ನೆರಡು, ಹೊಟ್ಟೆಕಿಚ್ಚು, ಆರು ವರ್ಷ. ಕೊನೆಗೆ "ತಪ್ಪಾಯ್ತು ಮೇಷ್ಟ್ರೇ" ಅಂದ.

"ಗೊತ್ತು," ಅಂದರು ಮೇಷ್ಟ್ರು. "ಪಕ್ಕದಲ್ಲಿದ್ದ ನನ್ನ ಸಹಾಯಕ 'ಆರೇ ಇರೋದು' ಅಂತ ತೋಳು ಹಿಡಿದು ಎಳೆದ. ನಾನೇ ಅವನಿಗೆ ಗದರಿದೆ. ವಾಚಣ್ಣ ಹನ್ನೆರಡು ಅಂದಮೇಲೆ ಹನ್ನೆರಡೇ, ಸುಮ್ನಿರು ಅಂತ."



"ಗೊತ್ತಿತ್ತಾ!" ಹಾರ್ನ್ ಬಾಗಿಲಿನಿಂದ ಅಬ್ಬರಿಸಿದ. "ಮತ್ತೆ ಪೇಪರಿನವರ ಮುಂದೆ ಯಾಕೆ ಬಾಯಿ ಬಿಡಲಿಲ್ಲ? ಊರಿಗೆ ಊರೇ ನಿಮ್ಮ ಮುಖಕ್ಕೆ ಉಗೀತಲ್ಲ! ನಾನೂ ಉಗಿದೆನಲ್ಲ!"

"ನಾನು ಹೊರಟವನು ಮಾರಾಯ, ಹೇಗೂ ಬೈಸಿಕೊಳ್ಳೋನೇ. ಇನ್ನೊಂದು ಬೈಗುಳ ಹೆಚ್ಚಾದ್ರೆ ಏನು ಭಾರ?" ಮೇಷ್ಟ್ರು ಸಣ್ಣಗೆ ನಕ್ಕರು. "ಅವರು ಅಲ್ಲೇ ಬದುಕಬೇಕಾದವರು. ವಾಚಣ್ಣ ಟೈಮ್ ತಪ್ಪು ಹೇಳಿದ ಅಂತ ನಾನು ಅಂದಿದ್ರೆ, ಮಾರನೇ ದಿನದಿಂದ ಅವರ ಅಂಗಡಿಗೆ ವಾಚು ಯಾರು ತರ್ತಿದ್ರು?"

ಮೇಜಿನ ಮೇಲೆ ಅವತ್ತಿನ ರಿಪೇರಿಗೆ ಬಂದ ಐದು ವಾಚುಗಳಿದ್ದವು, ಒಂದೊಂದಕ್ಕೂ ಒಂದು ಚೀಟಿ. ಆರು ವರ್ಷದಲ್ಲಿ ಬಾಗಿಲು ತಳ್ಳಿಕೊಂಡು ಬಂದು ವಾಚು ಕೊಟ್ಟುಹೋದ ಒಬ್ಬೊಬ್ಬರನ್ನೂ ಒಳಗೆ ಬಿಟ್ಟದ್ದು ಮೇಷ್ಟ್ರು ಎಂದು ಅವನಿಗೆ ಈಗ ತಿಳಿಯಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ನೋಡುವವರಿದ್ದಾರೆ ಎನ್ನುವುದನ್ನೂ ಮರೆತು, ಗಳಗಳನೆ ಅತ್ತ.